ಊರಿನಿಂದ ಬಂದ ಮಕ್ಕಳು ಕ್ಲಾಸಿನಲ್ಲಿ ಬಾಯೇ ಬಿಡುವುದಿಲ್ಲ. ಕಾಲೇಜು ನಿಮ್ಮದು ಅಂತ ನಿಮಗೆ ಅನ್ನಿಸಿದ್ದು ಯಾವಾಗ, ಯಾರಿಂದ?

ಗಣಿತದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಹೊರವಲಯದ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಗಣಿತ ಹೇಳಿಕೊಡುತ್ತೇನೆ. ಸಿಇಟಿ ಸೀಟು ಹಂಚಿಕೆ ಮುಗಿದು ಕ್ಲಾಸ್ ಶುರುವಾಗಿ ಒಂದು ತಿಂಗಳು ಕಳೆಯುವ ಹೊತ್ತಿಗೆ ಪ್ರತಿ ವರ್ಷ ಒಂದೇ ಚಿತ್ರ. ಹಿಂದಿನ ಬೆಂಚುಗಳಲ್ಲಿ ಹಾವೇರಿ, ಯಾದಗಿರಿ, ಚಾಮರಾಜನಗರ, ಪಾವಗಡ ಕಡೆಯ ಮಕ್ಕಳು ಒಟ್ಟಾಗಿ ಕೂತಿರುತ್ತಾರೆ. ಸುಮಾರು ಜನ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಪಿಯುಸಿ ಸೈನ್ಸ್‌ಗೆ ಬಂದ ದಿನದಿಂದ ಎಲ್ಲವೂ ಇಂಗ್ಲಿಷ್. ಆ ಎರಡು ವರ್ಷ ಹೇಗೋ ಒದ್ದಾಡಿ ಓದಿ, ಸಿಇಟಿಯಲ್ಲಿ ರ್‍ಯಾಂಕ್ ತೆಗೆದು ಇಲ್ಲಿಗೆ ಬಂದಿರುತ್ತಾರೆ. ಲೆಕ್ಕದಲ್ಲಿ ಇವರು ಯಾರಿಗೂ ಕಡಿಮೆ ಇಲ್ಲ, ಪೇಪರ್ ತಿದ್ದುವಾಗ ನನಗೆ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಬೋರ್ಡಿಗೆ ಬನ್ನಿ ಅಂದರೆ ತಲೆ ಬಗ್ಗಿಸುತ್ತಾರೆ. ಡೌಟ್ ಕೇಳುವುದಿಲ್ಲ. ಮೊದಲ ಇಂಟರ್ನಲ್ಸ್ ಆದ ಮೇಲೆ ಒಬ್ಬೊಬ್ಬರೇ ಕ್ಲಾಸಿಗೆ ಬರುವುದನ್ನೇ ಕಡಿಮೆ ಮಾಡುತ್ತಾರೆ. ನಮ್ಮ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುನಲ್ಲಿ 85% ಹಾಜರಿ ಬೇಕು. ಶಾರ್ಟೇಜ್ ಪಟ್ಟಿ ಬಂದಾಗ ಅದರಲ್ಲಿ ಇವರ ಹೆಸರುಗಳೇ ಜಾಸ್ತಿ.

ಕಾಲೇಜು ಏನೂ ಮಾಡುತ್ತಿಲ್ಲ ಅಂತ ನಾನು ಹೇಳುವುದಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದ ಪ್ರಕಾರ 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಒಬ್ಬರಾದರೂ ಅರ್ಹ ಕೌನ್ಸೆಲರ್ ಇರಬೇಕು. ನಮ್ಮಲ್ಲೂ ಒಬ್ಬರಿದ್ದಾರೆ, ಒಳ್ಳೆಯವರು. ವರ್ಷಕ್ಕೊಮ್ಮೆ ಮಾನಸಿಕ ಆರೋಗ್ಯ ದಿನ ಮಾಡುತ್ತೇವೆ. ಪೋಸ್ಟರ್ ಸ್ಪರ್ಧೆ, ಯೋಗ, ಒಂದು ಭಾಷಣ ಇರುತ್ತದೆ. ನಾನು ಹೇಳಿದ ಮಕ್ಕಳು ಅಲ್ಲಿಗೂ ಬರುವುದಿಲ್ಲ, ಕೌನ್ಸೆಲರ್ ಬಾಗಿಲು ತಟ್ಟುವುದೂ ಇಲ್ಲ.

ಮುಂದಿನ ಬ್ಯಾಚ್ ಬರುವ ಮೊದಲು ವಿಭಾಗದ ಮೀಟಿಂಗಿನಲ್ಲಿ ಕೆಲವು ಬದಲಾವಣೆ ಕೇಳಬೇಕು ಅಂತಿದ್ದೇನೆ. ಅದಕ್ಕೆ ನಿಮ್ಮನ್ನು ಕೇಳುತ್ತಿದ್ದೇನೆ. ನಿಮ್ಮನ್ನು ಹೊರಗಿನವರು ಅನ್ನಿಸುವ ಹಾಗೆ ಮಾಡಿದ್ದು ಏನು? ಒಳಗೆ ಕರೆದುಕೊಂಡಿದ್ದು ಯಾರು? ದೊಡ್ಡ ಮಾತು ಬೇಡ. ಸೋಮವಾರದಿಂದಲೇ ಮಾಡಬಹುದಾದ ಕೆಲಸ ಹೇಳಿ.

ವರದಾ ದಂಡೆ

ಸರ್, ನಾನು ಹಾವೇರಿ ಜಿಲ್ಲೆಯವನು, ಈಗ ಬೆಂಗಳೂರಿನಲ್ಲೇ ಕೆಲಸ. ನೀವು ಹೇಳಿದ ಆ ಹಿಂದಿನ ಬೆಂಚಿನಲ್ಲೇ ನಾಲ್ಕು ವರ್ಷ ಕೂತಿದ್ದೆ.

ನನಗೆ ಮೊದಲ ಪೆಟ್ಟು ಬಿದ್ದದ್ದು ಇಂಗ್ಲಿಷಿನಿಂದ ಅಲ್ಲ. ಒಂದು ಎಕ್ಸೆಲ್ ಶೀಟಿನಿಂದ. ಕ್ಲಾಸ್ ಶುರುವಾದ ಮೊದಲ ವಾರ ಆಫೀಸಿನವರು ಅಡ್ಮಿಷನ್ ಪಟ್ಟಿಯನ್ನು ಹಾಗೇ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಹೆಸರು, ಅಪ್ಪನ ಹೆಸರು, ರ್‍ಯಾಂಕ್, ಸೀಟು ಯಾವ ಕೆಟಗರಿಯಲ್ಲಿ ಸಿಕ್ಕಿದ್ದು, ಎಲ್ಲಾ ಇತ್ತು. ಜಿಎಂ, 2ಎಆರ್, 3ಬಿಕೆ, ಎಸ್‌ಸಿಜಿ ಅಂತ ಒಂದು ಕಾಲಂ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಜಿಎಂ ಅಂದರೆ ಸಾಮಾನ್ಯ ವರ್ಗ, 2ಎ, 3ಬಿ ಅಂದರೆ ಹಿಂದುಳಿದ ವರ್ಗಗಳು. ಕೊನೆಯ ಆರ್ ಅಂದರೆ ಗ್ರಾಮೀಣ ಕೋಟಾ, ಕೆ ಅಂದರೆ ಕನ್ನಡ ಮಾಧ್ಯಮ. ಗ್ರಾಮೀಣಕ್ಕೆ 15%, ಕನ್ನಡ ಮಾಧ್ಯಮಕ್ಕೆ 5% ಮೀಸಲಾತಿ ಇದೆ. ಅದು ನಮ್ಮ ಹಕ್ಕು, ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಹದಿನೆಂಟು ವರ್ಷದ ಹುಡುಗ ಇನ್ನೂ ಯಾರ ಜೊತೆಗೂ ಸರಿಯಾಗಿ ಮಾತಾಡಿಲ್ಲ, ಅಷ್ಟರಲ್ಲಿ ಅವನ ಜಾತಿ, ಊರು, ರ್‍ಯಾಂಕ್ ಮೂರೂ ಇಡೀ ಕ್ಲಾಸಿನ ಫೋನಿನಲ್ಲಿದ್ದರೆ ಅವನು ಹೇಗೆ ಬಾಯಿ ಬಿಡುತ್ತಾನೆ? ಅವತ್ತಿನಿಂದ ನನ್ನ ರೂಮಿನಲ್ಲಿ ಯಾರು ಪರಿಚಯ ಆದರೂ ಮೊದಲ ಪ್ರಶ್ನೆ "ನಿಂದು ರ್‍ಯಾಂಕ್ ಎಷ್ಟು?" ಅಂತ. ಅದರ ಅರ್ಥ ಏನು ಅಂತ ಕೇಳುವವನಿಗೂ ಗೊತ್ತು, ಕೇಳಿಸಿಕೊಳ್ಳುವವನಿಗೂ ಗೊತ್ತು.

ಹಾಗಾಗಿ ನನ್ನ ಮೊದಲ ಬೇಡಿಕೆ ಇದೇ. ಆ ಕಾಲಂ ಆಫೀಸಿನ ಕಂಪ್ಯೂಟರಿನಲ್ಲಿ ಮಾತ್ರ ಇರಲಿ. ಹಾಜರಿ ಪುಸ್ತಕಕ್ಕೆ, ನೋಟಿಸ್ ಬೋರ್ಡಿಗೆ, ವಾಟ್ಸಾಪಿಗೆ ಹೋಗುವ ಪಟ್ಟಿಯಲ್ಲಿ ಹೆಸರು ಮತ್ತು ರೋಲ್ ನಂಬರ್ ಸಾಕು. ಒಂದು ರೂಪಾಯಿ ಖರ್ಚಿಲ್ಲ.

ಇನ್ನು ಒಳಗೆ ಕರೆದುಕೊಂಡವರು ಯಾರು ಅಂತ ಕೇಳಿದಿರಿ. ಲ್ಯಾಬ್ ಅಸಿಸ್ಟೆಂಟ್ ಒಬ್ಬರಿದ್ದರು, ರಾಣೆಬೆನ್ನೂರಿನವರು. ನನ್ನ ಮಾತು ಕೇಳಿದ ತಕ್ಷಣ ಯಾವ ಊರು ಅಂತ ಕೇಳಿ, "ಏನಾದರೂ ಬೇಕಾದರೆ ಬಾ" ಅಂದರು. ಸುಮ್ನೆ ಹೇಳಿದ್ದಲ್ಲ. ವೈವಾ ಹಿಂದಿನ ದಿನ ಲ್ಯಾಬ್ ತೆಗೆದು, ಪ್ರಶ್ನೆ ಕನ್ನಡದಲ್ಲಿ ಕೇಳಿ, ಉತ್ತರ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿಸಿದರು. ಅವರ ಹೆಸರು ಯಾವ ಮೆಂಟರ್ ಪಟ್ಟಿಯಲ್ಲೂ ಇರಲಿಲ್ಲ.

ಕೆಂಗೇರಿ ಲೋಕಲ್

ಮೂರನೇ ಸೆಮ್‌ನಲ್ಲಿದ್ದೇನೆ. ಮೇಲಿನವರು ಹೇಳಿದ ಪಟ್ಟಿ ನಮ್ಮಲ್ಲಿ ಬರಲಿಲ್ಲ. ಆದರೆ ಕ್ಲಾಸ್ ನಡೆಯುತ್ತಿರುವಾಗ ಅಟೆಂಡರ್ ಬಂದು "ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳು ಎದ್ದು ನಿಂತುಕೊಳ್ಳಿ, ಸ್ಕಾಲರ್‌ಶಿಪ್ ಫಾರಂ ಕೊಡಬೇಕು" ಅನ್ನುತ್ತಾರೆ. ಎದ್ದು ನಿಂತವರನ್ನು ಎಲ್ಲರೂ ತಿರುಗಿ ನೋಡುತ್ತಾರೆ. ನನ್ನ ಗೆಳೆಯ ಎದ್ದು ನಿಲ್ಲಲಿಲ್ಲ, ಫಾರಂ ಕೊಡಲಿಲ್ಲ, ಆ ವರ್ಷದ ದುಡ್ಡು ಬರಲಿಲ್ಲ. ಫೀಸ್ ಬಾಕಿ ಇರುವವರ ಹೆಸರನ್ನೂ ಹೀಗೇ ಓದುತ್ತಾರೆ. ದಯವಿಟ್ಟು ಇದನ್ನೂ ನಿಮ್ಮ ಮೀಟಿಂಗಿನಲ್ಲಿ ಹೇಳಿ ಸರ್. ಒಬ್ಬೊಬ್ಬರಿಗೇ ಮೆಸೇಜ್ ಕಳಿಸಿದರೆ ಆಗುತ್ತದೆ ಅಲ್ವಾ?

ಭೀಮಾ ತೀರದವಳು

ನಾನು ಕಲಬುರಗಿ ಕಡೆಯವಳು. ಬೆಂಗಳೂರಿಗೆ ಬಂದಾಗ ಇಂಗ್ಲಿಷ್ ಬರುವುದಿಲ್ಲ ಅಂತ ಹೆದರಿದ್ದೆ. ಆದರೆ ನನ್ನನ್ನು ನೋಡಿ ನಕ್ಕವರು ಇಂಗ್ಲಿಷಿನವರಲ್ಲ, ಕನ್ನಡದವರೇ. ನಾನು ಬಾಯಿ ತೆಗೆದರೆ ಸಾಕು, ಹಿಂದಿನಿಂದ ನನ್ನ ಹಾಗೇ ಮಾತಾಡಿ ತೋರಿಸುತ್ತಿದ್ದರು. "ಸಿನಿಮಾ ಕಾಮಿಡಿ ಥರ ಇದೆ, ಇನ್ನೊಮ್ಮೆ ಹೇಳು" ಅನ್ನುತ್ತಿದ್ದರು. ಅವರಿಗೆ ಅದು ತಮಾಷೆ ಇರಬಹುದು. ನನಗೆ ಅದು ನಮ್ಮ ಅವ್ವ ಮಾತಾಡುವ ಮಾತು. ಸೆಮಿನಾರ್ ದಿನ ಜ್ವರ ಅಂತ ಹೇಳಿ ಪಿಜಿಯಲ್ಲೇ ಉಳಿದೆ. ಇಂಗ್ಲಿಷ್ ಕಲಿಯಬಹುದು, ಕಲಿತೆ ಕೂಡ. ಆದರೆ ಹುಟ್ಟಿನಿಂದ ಬಂದ ಮಾತನ್ನೇ ಬಚ್ಚಿಟ್ಟುಕೊಂಡು ಓಡಾಡುವುದು ಬಹಳ ಸುಸ್ತು. ಕುಂದಾಪುರದ ನನ್ನ ರೂಮ್‌ಮೇಟಿಗೂ ಇದೇ ಅನುಭವ ಆಗಿದೆ, ಚಾಮರಾಜನಗರದವರಿಗೂ ಆಗಿದೆ.

ಊಟದ ವಿಷಯ ಸಣ್ಣದು ಅಂದುಕೊಳ್ಳಬೇಡಿ. ಪಿಜಿಯಲ್ಲಿ ದಿನಾ ಮೂರು ಹೊತ್ತು ಅನ್ನ, ಇಲ್ಲವಾದರೆ ದಪ್ಪ ಚಪಾತಿ. ಮನೆಯಿಂದ ಬಂದ ಶೇಂಗಾ ಚಟ್ನಿ ಖಾಲಿ ಆದ ದಿನ ನಾನು ಅತ್ತಿದ್ದೆ. ಆಮೇಲೆ ನಮ್ಮ ಕಡೆಯ ಸೀನಿಯರ್ ಅಕ್ಕ ಒಬ್ಬರು ಭಾನುವಾರ ಐದಾರು ಜನ ಹುಡುಗಿಯರನ್ನು ಕರೆದುಕೊಂಡು ಬಸ್ಸು ಹತ್ತಿಸಿ ಒಂದು ಖಾನಾವಳಿಗೆ ಕರೆದುಕೊಂಡು ಹೋದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಹಸಿ ಈರುಳ್ಳಿ. ಅಲ್ಲಿ ನಾವು ನಮ್ಮ ಮಾತಿನಲ್ಲೇ ಜೋರಾಗಿ ಮಾತಾಡಿದೆವು, ಯಾರೂ ತಿರುಗಿ ನೋಡಲಿಲ್ಲ. ಅದು ತಿಂಗಳಿಗೊಮ್ಮೆಯ ಪದ್ಧತಿ ಆಯಿತು. ಯಾವ ಪ್ರೊಫೆಸರ್ ಲ್ಯಾಬ್‌ನಲ್ಲಿ ಹೇಗೆ, ಯಾವ ಅಂಗಡಿಯಲ್ಲಿ ಹಳೇ ಪುಸ್ತಕ ಸಿಗುತ್ತವೆ, ಬ್ಯಾಕ್ ಆದರೆ ಏನು ಮಾಡಬೇಕು, ಎಲ್ಲವೂ ನನಗೆ ಗೊತ್ತಾಗಿದ್ದು ಅಲ್ಲೇ. ಕಾಲೇಜಿನ ಇಂಡಕ್ಷನ್ ಕಾರ್ಯಕ್ರಮದಲ್ಲಿ ಅಲ್ಲ. ಬೆಂಗಳೂರಿನ ಮಕ್ಕಳಿಗೆ ಇವೆಲ್ಲ ಅಣ್ಣ, ಕಸಿನ್, ಅಪಾರ್ಟ್‌ಮೆಂಟ್ ಆಂಟಿ ಹೇಳಿಬಿಟ್ಟಿರುತ್ತಾರೆ. ನಮಗೆ ಹೇಳುವವರು ಯಾರು?

ಜಯನಗರದಿಂದ

ಎಲ್ಲರ ಅನುಭವಕ್ಕೂ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಒಂಟಿತನ ಹಳ್ಳಿಯವರಿಗೆ ಮಾತ್ರ ಬರುತ್ತದೆ ಅನ್ನುವ ಹಾಗೆ ಚರ್ಚೆ ಹೋಗುತ್ತಿದೆ. ನಾನು ಇಲ್ಲೇ ಹುಟ್ಟಿ ಬೆಳೆದವನು, ಇಂಗ್ಲಿಷ್ ಮಾಧ್ಯಮ, ಸ್ವಂತ ಮನೆ. ಎರಡನೇ ವರ್ಷ ಪೂರ್ತಿ ಯಾರ ಜೊತೆಗೂ ಊಟಕ್ಕೆ ಕೂರದೆ ಕಳೆದಿದ್ದೇನೆ. ಅಪ್ಪ ಅಮ್ಮನಿಗೆ ಹೇಳಿದರೆ "ನಿನಗೆ ಏನು ಕಡಿಮೆ ಮಾಡಿದ್ದೇವೆ?" ಅನ್ನುತ್ತಾರೆ ಅಂತ ಹೇಳಲೇ ಇಲ್ಲ. ಅದೂ ಅಲ್ಲದೆ ಕೆಲಸಕ್ಕೆ ಹೋದರೆ ಇಂಗ್ಲಿಷ್ ಬೇಕೇ ಬೇಕು. ಕಾಲೇಜಿನಲ್ಲಿ ಕನ್ನಡದಲ್ಲಿ ಮುದ್ದು ಮಾಡಿದರೆ ಪ್ಲೇಸ್‌ಮೆಂಟ್ ಇಂಟರ್‌ವ್ಯೂನಲ್ಲಿ ಆ ಮಕ್ಕಳಿಗೇ ಕಷ್ಟ ಆಗುವುದಿಲ್ಲವಾ?

ವರದಾ ದಂಡೆ

ನಿಮ್ಮ ಎರಡನೇ ವರ್ಷದ ಮಾತು ಓದಿ ಬೇಜಾರಾಯಿತು. ಅದನ್ನು ಇಲ್ಲಿ ಹೇಳಿದ್ದು ಒಳ್ಳೆಯದಾಯಿತು. ಒಂಟಿತನ ಯಾರಪ್ಪನ ಆಸ್ತಿಯೂ ಅಲ್ಲ, ಒಪ್ಪುತ್ತೇನೆ.

ಆದರೆ ಇಂಗ್ಲಿಷ್ ವಿಷಯದಲ್ಲಿ ಒಪ್ಪುವುದಿಲ್ಲ. ನಮ್ಮಲ್ಲಿ ಯಾರೂ ಇಂಗ್ಲಿಷ್ ಬೇಡ ಅಂದಿಲ್ಲ. ಅದು ಬೇಕು ಅಂತಲೇ ಸಾಲ ಮಾಡಿ ಬಂದವರು ನಾವು. ಇಂಗ್ಲಿಷ್ ಬರಬೇಕಾದರೆ ತಪ್ಪು ಮಾತಾಡಬೇಕು. ತಪ್ಪು ಮಾತಾಡಬೇಕಾದರೆ ನಗುವವರು ಇಲ್ಲದ ಜಾಗ ಬೇಕು. ಆ ಲ್ಯಾಬ್ ಅಸಿಸ್ಟೆಂಟ್ ನನಗೆ ಕೊಟ್ಟದ್ದು ಆ ಜಾಗ. ಕನ್ನಡದಲ್ಲಿ ಅರ್ಥ ಮಾಡಿಕೊಂಡವನು ಇಂಗ್ಲಿಷಿನಲ್ಲಿ ಹೇಳುವುದಕ್ಕೆ ಹೆದರುವುದಿಲ್ಲ. ಅರ್ಥವೇ ಆಗದೆ ಬಾಯಿಪಾಠ ಮಾಡಿದವನು ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ನಿಂತುಬಿಡುತ್ತಾನೆ. 2021ರಲ್ಲಿ ದೇಶದ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಕನ್ನಡವೂ ಸೇರಿದ ಹಾಗೆ ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸುವುದಕ್ಕೆ ಒಪ್ಪಿಗೆ ಕೊಟ್ಟಿತು, ಕನ್ನಡದಲ್ಲಿ ಪಠ್ಯಪುಸ್ತಕಗಳೂ ಬಂದಿವೆ. ಪೂರ್ತಿ ಕೋರ್ಸ್ ಕನ್ನಡದಲ್ಲಿ ತೆಗೆದುಕೊಳ್ಳದಿದ್ದರೂ ಪರವಾಗಿಲ್ಲ. ಆ ಪುಸ್ತಕಗಳನ್ನು ಲೈಬ್ರರಿಯಲ್ಲಿ ಕೈಗೆ ಸಿಗುವ ಹಾಗೆ ಇಟ್ಟರೆ ಮೊದಲ ಸೆಮ್ ಎಷ್ಟೋ ಹಗುರ ಆಗುತ್ತದೆ.

ಸಂಜೆ ಬಸ್ಸು

ಎಲ್ಲರೂ ಎಂಜಿನಿಯರಿಂಗ್ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎ ಓದುತ್ತಿದ್ದೇನೆ. ನಮ್ಮಲ್ಲಿ ಹಾಸ್ಟೆಲ್ ಕಥೆ ಇಲ್ಲ, ಜಾಸ್ತಿ ಜನ ದಿನಾ ಹಳ್ಳಿಯಿಂದ ಬಂದು ಹೋಗುವವರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಬಸ್ ಟಿಕೆಟಿನ ಚಿಂತೆ ತಪ್ಪಿತು, ಅದು ನಿಜವಾಗಿಯೂ ದೊಡ್ಡ ಸಹಾಯ. ನನ್ನ ಜೊತೆ ಓದುವ ಇಬ್ಬರಿಗೆ ಮನೆಯಲ್ಲಿ ಡಿಗ್ರಿಗೆ ಕಳಿಸಿದ್ದೇ ಅದರಿಂದ.

ಆದರೆ ಕಾಲೇಜಿನಲ್ಲಿ ಏನೇ ಕಾರ್ಯಕ್ರಮ ಇಟ್ಟರೂ ನಾಲ್ಕು ಗಂಟೆ ಮೇಲೆ ಇಡುತ್ತಾರೆ. ನಾಟಕದ ತಾಲೀಮು, ಎನ್‌ಎಸ್‌ಎಸ್ ಮೀಟಿಂಗ್, ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ, ಎಲ್ಲವೂ ಕ್ಲಾಸ್ ಮುಗಿದ ಮೇಲೆ. ನಮ್ಮ ಊರಿನ ಬಸ್ಸು ನಾಲ್ಕೂವರೆಗೆ. ಅದು ತಪ್ಪಿದರೆ ಕತ್ತಲಾದ ಮೇಲೆ ಮುಖ್ಯ ರಸ್ತೆಯಿಂದ ನಡೆಯಬೇಕು. ಒಂದು ದಿನ ಹಾಗೆ ಆದರೆ ಮಾರನೇ ದಿನದಿಂದ ಮನೆಯಲ್ಲಿ ಕಾಲೇಜೇ ಬೇಡ ಅನ್ನುತ್ತಾರೆ. ಹಾಗಾಗಿ ತಾಲ್ಲೂಕು ಪೇಟೆಯಲ್ಲೇ ಇರುವವರು ನಾಟಕ ಮಾಡುತ್ತಾರೆ, ಅವರೇ ಸಿಆರ್, ಅಂದರೆ ಕ್ಲಾಸಿನ ಪ್ರತಿನಿಧಿ ಆಗುತ್ತಾರೆ, ಮೇಷ್ಟ್ರುಗಳಿಗೆ ಅವರ ಹೆಸರೇ ಗೊತ್ತು. ನಾವು ಕ್ಲಾಸಿಗೆ ಬಂದು ಹೋಗುವವರು ಅಷ್ಟೇ. ಮಧ್ಯಾಹ್ನ ಊಟದ ಬಿಡುವನ್ನು ವಾರಕ್ಕೊಮ್ಮೆ ಒಂದು ಗಂಟೆ ಜಾಸ್ತಿ ಮಾಡಿ ಆ ಹೊತ್ತಿನಲ್ಲಿ ಇವನ್ನು ಇಡಿ ಅಂತ ಕೇಳಿದ್ದೇವೆ. ಇನ್ನೂ ಉತ್ತರ ಬಂದಿಲ್ಲ.

ಇನ್ನೊಂದು. ಹುಡುಗಿಯರ ಟಾಯ್ಲೆಟ್ಟಿಗೆ ಬೀಗ ಹಾಕಿ ಕೀಲಿ ಆಫೀಸಿನಲ್ಲಿ ಇಟ್ಟರೆ, ಆ ಕಾಲೇಜಿನಲ್ಲಿ ಬೇರೆ ಯಾವ ಯೋಗಕ್ಷೇಮದ ಭಾಷಣವೂ ಬೇಡ. ಮೊದಲು ಬೀಗ ತೆಗೆಯಲಿ.

ಧ್ವನಿಯಿಂದ ಓದುವವನು

ನನಗೆ ಕಣ್ಣು ಕಾಣುವುದಿಲ್ಲ. ಮೈಸೂರಿನಲ್ಲಿ ಎಂಎ ಓದುತ್ತಿದ್ದೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನಮಗೆ 5% ಸೀಟು ಇದೆ. ಲಿಪಿಕಾರರು ಸಿಗುತ್ತಾರೆ, ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಇದೆ. ಕಾಗದದಲ್ಲಿ ಎಲ್ಲಾ ಇದೆ. ಕ್ಲಾಸಿನ ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ.

ಮೇಷ್ಟ್ರು ನೋಟ್ಸ್ ಅನ್ನು ಫೋಟೋ ಹೊಡೆದು ಪಿಡಿಎಫ್ ಮಾಡಿ ಗುಂಪಿಗೆ ಹಾಕುತ್ತಾರೆ. ನನ್ನ ಲ್ಯಾಪ್‌ಟಾಪಿನಲ್ಲಿರುವ ಎನ್‌ವಿಡಿಎ ಅನ್ನುವ ಉಚಿತ ತಂತ್ರಾಂಶ ಪಠ್ಯವನ್ನು ಓದಿ ಹೇಳುತ್ತದೆ, ಆದರೆ ಫೋಟೋವನ್ನು ಓದುವುದಿಲ್ಲ. ಕೆಲವರು ಟೈಪ್ ಮಾಡಿ ಕೊಡುತ್ತಾರೆ, ಆದರೆ ಹಳೇ ನುಡಿ ಫಾಂಟಿನಲ್ಲಿ. ಅದು ಯುನಿಕೋಡ್ ಅಲ್ಲದ ಕಾರಣ ನನಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸದ್ದು ಕೇಳಿಸುತ್ತದೆ. ಕನ್ನಡ ಎಂಎ ವಿದ್ಯಾರ್ಥಿಗೆ ಕನ್ನಡ ನೋಟ್ಸೇ ಸಿಗದ ಸ್ಥಿತಿ ಇದು. ಯುನಿಕೋಡಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಕಳಿಸಿದರೆ ನನಗೆ ಯಾರ ಸಹಾಯವೂ ಬೇಡ. ಎಲ್ಲರ ಜೊತೆ, ಎಲ್ಲರ ಹೊತ್ತಿಗೇ ಓದುತ್ತೇನೆ.

ನನ್ನ ಗೆಳೆಯರು ಒಳ್ಳೆಯವರು, ಓದಿ ಹೇಳುತ್ತಾರೆ. ಆದರೆ ದಿನಾ ಕೇಳುತ್ತಾ ಇರಬೇಕಾದರೆ ಗೆಳೆತನದ ಮೇಲೆ ಭಾರ ಬೀಳುತ್ತದೆ. ಟೀ ಕುಡಿಯುವುದಕ್ಕೆ ಕರೆದರೂ "ಇವನಿಗೆ ಏನೋ ಓದಿಸಬೇಕಿದೆ" ಅಂದುಕೊಳ್ಳುತ್ತಾರೇನೋ ಅನ್ನಿಸುತ್ತದೆ. ನನಗೆ ಉಪಕಾರ ಬೇಡ, ಫೈಲ್ ಬೇಕು.

ಹಳೇ ವಾರ್ಡನ್

ಹಿಂದುಳಿದ ವರ್ಗಗಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ನಿವೃತ್ತನಾದವನು ನಾನು. ಮಕ್ಕಳೇ, ನಿಮ್ಮ ಮಾತುಗಳನ್ನು ಓದಿ ಸ್ವಲ್ಪ ಹಳೇ ವಿಷಯ ಹೇಳಬೇಕು ಅನ್ನಿಸಿತು.

ನಮ್ಮ ನಾಡಿನಲ್ಲಿ ಬಡ ವಿದ್ಯಾರ್ಥಿಗೆ ಊಟ ಹಾಕುವ ಪದ್ಧತಿ ಮೊದಲಿನಿಂದ ಇದೆ. ವಾರಾನ್ನ ಅಂತ ದಿನಕ್ಕೊಂದು ಮನೆಯಲ್ಲಿ ಉಂಡು ಓದಿದವರ ಕಥೆ ಎಷ್ಟೋ ಕೇಳಿದ್ದೇವೆ. ತುಮಕೂರಿನ ಸಿದ್ಧಗಂಗೆಯಂಥ ಮಠಗಳು ಸಾವಿರಾರು ಮಕ್ಕಳನ್ನು ಸಾಕಿ ಓದಿಸಿವೆ. ಆದರೆ ವಾರಾನ್ನದ ಬಾಗಿಲು ಎಲ್ಲಾ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲ, ಅದನ್ನು ಮರೆಯಬಾರದು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಅಂಥವರು ದಲಿತ ಮಕ್ಕಳಿಗಾಗಿ ಹಾಸ್ಟೆಲ್ ನಡೆಸಿದ್ದು ಆ ಕಾರಣಕ್ಕೇ. ದೇವರಾಜ ಅರಸರ ಕಾಲದಲ್ಲಿ, ಹಿಂದುಳಿದ ವರ್ಗಗಳ ಹಾವನೂರು ಆಯೋಗದ ವರದಿ 1975ರಲ್ಲಿ ಬಂದ ಮೇಲೆ, ಹಿಂದುಳಿದ ವರ್ಗದ ಮಕ್ಕಳ ಓದಿಗೆ ಸರ್ಕಾರದ ಬೆಂಬಲ ಗಟ್ಟಿಯಾಯಿತು. ಇವತ್ತು ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ, ಊಟ ವಸತಿಗೆ ತಿಂಗಳಿಗೆ ಇಷ್ಟು ಅಂತ 10 ತಿಂಗಳು ದುಡ್ಡು ಕೊಡುತ್ತಾರೆ. ಬೆಂಗಳೂರಿನ ಪಿಜಿ ಬಾಡಿಗೆಗೆ ಅದು ಸಾಲುವುದಿಲ್ಲ, ಆದರೂ ಅರ್ಜಿ ಹಾಕುವುದನ್ನು ಬಿಡಬೇಡಿ. ಸ್ಕಾಲರ್‌ಶಿಪ್ ಅರ್ಜಿ ಹಾಕುವ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಜಾಸ್ತಿ ಅರ್ಜಿ ನಿಲ್ಲುವುದು ಎರಡು ಕಾರಣಕ್ಕೆ. ಜಾತಿ ಆದಾಯ ಪತ್ರದ ಆರ್‌ಡಿ ಸಂಖ್ಯೆ ಹೊಂದುವುದಿಲ್ಲ, ಇಲ್ಲವಾದರೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಊರು ಬಿಡುವ ಮೊದಲೇ ಇವೆರಡನ್ನೂ ಸರಿ ಮಾಡಿಕೊಳ್ಳಿ. ದುಡ್ಡು ತಡವಾದಾಗ ಮಕ್ಕಳು ಮೊದಲು ಬಿಡುವುದು ಊಟ, ಆಮೇಲೆ ಕ್ಲಾಸು.

ಅನುಭವದಿಂದ ಒಂದು ಮಾತು. ಯಾವ ಹುಡುಗ ಕಷ್ಟದಲ್ಲಿದ್ದಾನೆ ಅಂತ ನನಗೆ ಮೊದಲು ಹೇಳುತ್ತಿದ್ದವರು ಅಡುಗೆಯವರು. "ಸಾರ್, ಆ ಹುಡುಗ ರಾತ್ರಿ ಊಟಕ್ಕೆ ಬರ್ತಿಲ್ಲ" ಅನ್ನುತ್ತಿದ್ದರು. ಅವನು ಅಳುವುದಿಲ್ಲ, ಜಗಳ ಮಾಡುವುದಿಲ್ಲ, ಸುಮ್ಮನೆ ಎಲ್ಲರೂ ಉಂಡು ಹೋದ ಮೇಲೆ ಬರುತ್ತಾನೆ. ಸುಪ್ರೀಂ ಕೋರ್ಟ್ ನಿರ್ದೇಶನದಲ್ಲಿ ಬೋಧಕರ ಜೊತೆ ಬೋಧಕೇತರ ಸಿಬ್ಬಂದಿಗೂ ವರ್ಷಕ್ಕೆ ಎರಡು ಸಲ ತರಬೇತಿ ಕೊಡಬೇಕು ಅಂತ ಇದೆ. ಆ ತರಬೇತಿಗೆ ಅಡುಗೆಯವರನ್ನು, ಸೆಕ್ಯುರಿಟಿಯವರನ್ನು, ಕಸ ಗುಡಿಸುವ ಅಮ್ಮಂದಿರನ್ನು ಮೊದಲು ಕೂರಿಸಿ. ಮಕ್ಕಳನ್ನು ದಿನಾ ನೋಡುವವರು ಅವರು.

ಬಾಗಿಲು ತೆರೆದಿದೆ

ನಾನು ಕಾಲೇಜಿನಲ್ಲಿ ಕೌನ್ಸೆಲರ್ ಆಗಿದ್ದೇನೆ. ವಾರ್ಡನ್ ಸರ್ ಹೇಳಿದ್ದು ನೂರಕ್ಕೆ ನೂರು ನಿಜ.

ಮಕ್ಕಳು ನಮ್ಮ ಹತ್ತಿರ ಬರದೇ ಇರುವುದಕ್ಕೆ ಕಾರಣ ಸರಳ. ಕೌನ್ಸೆಲರ್ ಕೋಣೆ ಪ್ರಿನ್ಸಿಪಾಲರ ಚೇಂಬರ್ ಪಕ್ಕದಲ್ಲಿರುತ್ತದೆ. ಒಳಗೆ ಹೋಗುವುದನ್ನು ಹತ್ತು ಜನ ನೋಡುತ್ತಾರೆ. ಹೇಳಿದ್ದು ಮನೆಗೆ ಗೊತ್ತಾಗುತ್ತದೆ, ಇಂಟರ್ನಲ್ಸ್ ಮಾರ್ಕ್ಸ್ ಮೇಲೆ ಪರಿಣಾಮ ಆಗುತ್ತದೆ ಅಂತ ಹೆದರುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆ ಪಡೆಯುವವರ ವಿಷಯ ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ಜೀವಕ್ಕೆ ಅಪಾಯ ಅನ್ನಿಸಿದಾಗ, ಇಲ್ಲವಾದರೆ ಕೋರ್ಟ್ ಆದೇಶದಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಬೇರೆಯವರಿಗೆ ಹೇಳಬೇಕಾಗುತ್ತದೆ. ನಾನು ಮೊದಲ ದಿನವೇ ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತೇನೆ. ಈಗ ವಾರಕ್ಕೆ ಎರಡು ಮಧ್ಯಾಹ್ನ ಲೈಬ್ರರಿಯ ಒಂದು ಮೂಲೆಯಲ್ಲಿ ಕೂರುತ್ತೇನೆ. ಪುಸ್ತಕಕ್ಕೆ ಬಂದವರ ಹಾಗೆ ಬಂದು ಮಾತಾಡುತ್ತಾರೆ.

2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಅಂತ ಕೇಂದ್ರ ಸರ್ಕಾರದ ಅಪರಾಧ ಅಂಕಿಅಂಶ ಸಂಸ್ಥೆಯಾದ ಎನ್‌ಸಿಆರ್‌ಬಿ ದಾಖಲೆ ಹೇಳುತ್ತದೆ. ಹೆದರಿಸುವುದಕ್ಕೆ ಹೇಳುತ್ತಿಲ್ಲ. ನಿಮ್ಮ ಗೆಳೆಯರ ಬಗ್ಗೆ ಅನುಮಾನ ಬಂದರೆ ನೇರವಾಗಿ ಕೇಳಿ ಅನ್ನುವುದಕ್ಕೆ ಹೇಳುತ್ತಿದ್ದೇನೆ. "ಸಾಯಬೇಕು ಅನ್ನಿಸುತ್ತಿದೆಯಾ?" ಅಂತ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ತಪ್ಪು ನಂಬಿಕೆ. ಕೇಳಿದಾಗ ಎಷ್ಟೋ ಮಕ್ಕಳಿಗೆ ಹಗುರ ಆಗುತ್ತದೆ. ಬುದ್ಧಿ ಹೇಳಬೇಡಿ, ಒಬ್ಬರನ್ನೇ ಬಿಟ್ಟು ಹೋಗಬೇಡಿ, ದೊಡ್ಡವರೊಬ್ಬರಿಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಊರಿಗೆ ಹೋದಾಗ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ಮನೋಚೈತನ್ಯ ಕ್ಲಿನಿಕ್ ಬಗ್ಗೆ ವಿಚಾರಿಸಿ.

@ಜಯನಗರದಿಂದ, ನಿಮ್ಮಂಥ ಮಕ್ಕಳು ನನ್ನ ಹತ್ತಿರ ಬಂದಾಗ ಮೊದಲು ಕ್ಷಮೆ ಕೇಳುತ್ತಾರೆ, ನನಗಿಂತ ಕಷ್ಟದಲ್ಲಿರುವವರು ಇದ್ದಾರೆ ಅಂತ. ಹಾಗೆ ಕೇಳಬೇಕಾಗಿಲ್ಲ.

ಕಡಲ ಕಡೆಯವಳು

ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. 2022ರ ಫೆಬ್ರವರಿಯಲ್ಲಿ ನಾನು ಕರಾವಳಿಯ ಒಂದು ಕಾಲೇಜಿನಲ್ಲಿ ಪಿಯು ಓದುತ್ತಿದ್ದೆ. ಹಿಜಾಬ್ ಗಲಾಟೆ, ಸಮವಸ್ತ್ರದ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು, ಇವೆಲ್ಲ ನಿಮಗೆ ಗೊತ್ತು. ಅದರ ಸರಿ ತಪ್ಪು ಇಲ್ಲಿ ಚರ್ಚೆ ಮಾಡುವುದಕ್ಕೆ ಬಂದಿಲ್ಲ. ಟಿವಿಯಲ್ಲಿ ಬರದ ವಿಷಯ ಹೇಳುತ್ತೇನೆ. ಒಂದನೇ ಕ್ಲಾಸಿನಿಂದ ಜೊತೆಗೆ ಓದಿದವರು ಗುಂಪಿನಲ್ಲಿ ನನ್ನ ಮೆಸೇಜಿಗೆ ಉತ್ತರ ಕೊಡುವುದನ್ನು ನಿಲ್ಲಿಸಿದರು. ಬೈಯಲಿಲ್ಲ, ಏನೂ ಹೇಳಲಿಲ್ಲ. ಆ ಮೌನ ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟಿತು.

ಒಬ್ಬಳು ಮಾತ್ರ ದಿನಾ ಸಂಜೆ ನೋಟ್ಸ್ ಫೋಟೋ ಕಳಿಸುತ್ತಿದ್ದಳು. ಅವಳ ಮನೆಯವರ ಅಭಿಪ್ರಾಯ ಬೇರೆ ಇತ್ತು, ಅವಳದ್ದೂ ಬೇರೆಯೇ ಇತ್ತೇನೋ, ನಾವು ಅದನ್ನು ಮಾತಾಡಲಿಲ್ಲ. "ಕೆಮಿಸ್ಟ್ರಿ ಎರಡನೇ ಚಾಪ್ಟರ್ ಮುಗೀತು ಮಾರಾಯ್ತಿ" ಅಂತ ಬರೆಯುತ್ತಿದ್ದಳು ಅಷ್ಟೇ. ನಾನು ಪರೀಕ್ಷೆ ಬರೆದು ಇವತ್ತು ಡಿಗ್ರಿ ಮುಗಿಸಿದ್ದೇನೆ ಅಂದರೆ ಅವಳ ಪಾಲೂ ಇದೆ. ಮೇಷ್ಟ್ರುಗಳಿಗೆ ನನ್ನ ಕೋರಿಕೆ. ಊರಿನಲ್ಲಿ ಏನೇ ಗಲಾಟೆ ನಡೆಯುತ್ತಿರಲಿ, ಕ್ಲಾಸಿಗೆ ಬಾರದ ಮಗುವಿಗೆ ಆ ದಿನದ ಪಾಠ ತಲುಪಿಸಿ. ಅದಕ್ಕೆ ಯಾರ ಒಪ್ಪಿಗೆಯೂ ಬೇಡ.

ಚಳ್ಳಕೆರೆ ರೈತ

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ನನ್ನ ಮಗ ಈ ವರ್ಷ ಬೆಂಗಳೂರಿಗೆ ಸೇರಿದ್ದಾನೆ. ಫೋನ್ ಮಾಡಿದರೆ "ಎಲ್ಲಾ ಚೆನ್ನಾಗಿದೆ ಅಪ್ಪ" ಅಂತಾನೆ, ಎರಡು ನಿಮಿಷಕ್ಕೆ ಇಡುತ್ತಾನೆ. ಮೊದಲು ಹೊಲಕ್ಕೆ ಬಂದರೆ ಬಾಯಿ ಮುಚ್ಚದವನು. ನಾನು ಏನು ಕೇಳಬೇಕು, ಹೇಗೆ ಕೇಳಬೇಕು ಗೊತ್ತಾಗುತ್ತಿಲ್ಲ. ತಿಳಿದವರು ಹೇಳಿ.

ಭೀಮಾ ತೀರದವಳು

ಕಾಕಾ, ಮಾರ್ಕ್ಸ್ ಕೇಳಬೇಡಿ. "ಇವತ್ತು ಯಾರ ಜೊತೆ ಊಟ ಮಾಡಿದೆ?" ಅಂತ ಕೇಳಿ. ರೂಮಿನ ಹುಡುಗರ ಹೆಸರು ಕೇಳಿ, ಅವರ ಊರು ಕೇಳಿ. ಹೆಸರು ಹೇಳಿದರೆ ಸಮಾಧಾನ. ಹೇಳದಿದ್ದರೆ ಒಂದು ಸಲ ಹೋಗಿ ಬನ್ನಿ. ಹೇಳಿ ಹೋಗಿ, ಅಚಾನಕ್ಕಾಗಿ ಹೋದರೆ ಪರೀಕ್ಷೆ ಮಾಡಲು ಬಂದರು ಅಂದುಕೊಳ್ಳುತ್ತಾನೆ. ಮನೆಯಿಂದ ಏನಾದರೂ ಮಾಡಿಸಿಕೊಂಡು ಹೋಗಿ, ರೂಮಿನ ಎಲ್ಲರಿಗೂ ಸಾಕಾಗುವಷ್ಟು. ಮತ್ತು ಕಷ್ಟ ಆದರೆ ಬಿಟ್ಟು ಬಂದರೂ ನಮಗೆ ನೀನೇ ಮುಖ್ಯ ಅಂತ ಬಾಯಿ ಬಿಟ್ಟು ಹೇಳಿ. ಸಾಲದ ವಿಷಯ ನಮಗೆ ಗೊತ್ತಿರುತ್ತದೆ ಕಾಕಾ, ಅದಕ್ಕೇ ನಾವು ಮನೆಯಲ್ಲಿ ಹೇಳುವುದಿಲ್ಲ.

ಚಳ್ಳಕೆರೆ ರೈತ

ಆಯ್ತಮ್ಮ. ಈ ಭಾನುವಾರ ಹೋಗ್ತೀನಿ. ಅವರಮ್ಮ ನಿಪ್ಪಟ್ಟು ಮಾಡ್ತೀನಿ ಅಂದಿದ್ದಾಳೆ.

ಗಣಿತದ ಮೇಷ್ಟ್ರು

ಇಷ್ಟು ಮಂದಿ ಮನಸ್ಸು ಬಿಚ್ಚಿ ಬರೆದಿದ್ದಕ್ಕೆ ಏನು ಹೇಳಲಿ. ಎಲ್ಲವನ್ನೂ ಬರೆದುಕೊಂಡು ನಿನ್ನೆ ಎಚ್‌ಒಡಿ ಹತ್ತಿರ ಹೋಗಿದ್ದೆ.

ಕೆಟಗರಿ ಕಾಲಂ ತೆಗೆಯುವುದಕ್ಕೆ ತಕ್ಷಣ ಒಪ್ಪಿದರು. ಅದು ಗುಂಪಿಗೆ ಹೋಗುತ್ತಿದೆ ಅಂತ ಅವರ ಗಮನಕ್ಕೇ ಬಂದಿರಲಿಲ್ಲ. ಸ್ಕಾಲರ್‌ಶಿಪ್ ಮತ್ತು ಫೀಸ್ ವಿಷಯ ಕ್ಲಾಸಿನಲ್ಲಿ ಹೇಳಬಾರದು ಅಂತ ಆಫೀಸಿಗೆ ಚೀಟಿ ಹೋಗಿದೆ. ನಿಂತಿರುವುದು ಮೆಂಟರ್ ವಿಷಯದಲ್ಲಿ. ನಮ್ಮಲ್ಲಿ ಒಬ್ಬ ಅಧ್ಯಾಪಕರಿಗೆ ಇಪ್ಪತ್ತಕ್ಕೂ ಜಾಸ್ತಿ ಮಕ್ಕಳನ್ನು ಹಂಚಿ, ತಿಂಗಳಿಗೊಮ್ಮೆ ಪುಸ್ತಕಕ್ಕೆ ಸಹಿ ಹಾಕಿಸುತ್ತೇವೆ. ಅದರ ಬದಲು ಮೂರನೇ ವರ್ಷದ, ಅದೇ ಜಿಲ್ಲೆಯ ಒಬ್ಬ ಸೀನಿಯರ್‌ಗೆ ನಾಲ್ಕೈದು ಜನ ಹೊಸಬರನ್ನು ಜೊತೆ ಮಾಡಿ, ತಿಂಗಳಿಗೊಂದು ಊಟಕ್ಕೆ ವಿಭಾಗದಿಂದಲೇ ದುಡ್ಡು ಕೊಡೋಣ ಅಂದೆ. ರ್‍ಯಾಗಿಂಗ್ ಆದರೆ ಯಾರು ಹೊಣೆ ಅಂತ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಯುಜಿಸಿಯ 2009ರ ನಿಯಮಗಳ ಪ್ರಕಾರ ಕಾಲೇಜಿಗೆ ಹೊಣೆ ಇದ್ದೇ ಇದೆ. ಊಟ ಕ್ಯಾಂಟೀನಿನಲ್ಲೇ, ಹಗಲಲ್ಲೇ ಆಗಲಿ, ಸೀನಿಯರ್‌ಗಳನ್ನು ನಾನೇ ಮಾತಾಡಿಸಿ ಆರಿಸುತ್ತೇನೆ ಅಂದಿದ್ದೇನೆ. ಮೊದಲು ಒಂದು ಸೆಕ್ಷನ್‌ನಲ್ಲಿ ಮಾಡಿ ನೋಡಿ ಅಂದಿದ್ದಾರೆ.

ನನ್ನ ಕ್ಲಾಸಿನಲ್ಲಿ ಇನ್ನು ಮೇಲೆ ಡೌಟ್ ಅನ್ನು ಯಾವ ಭಾಷೆಯಲ್ಲಿ ಬೇಕಾದರೂ ಚೀಟಿಯಲ್ಲಿ ಬರೆದು ಕೊಡಬಹುದು. ಉತ್ತರ ಎರಡೂ ಭಾಷೆಯಲ್ಲಿ ಬೋರ್ಡಿನ ಮೇಲೆ ಬರುತ್ತದೆ. ಬೇರೆ ರಾಜ್ಯದ ಮಕ್ಕಳೂ ಇದ್ದಾರೆ, ಹಾಗಾಗಿ ಎರಡರಲ್ಲೂ ಇರಲೇಬೇಕು.

@ಧ್ವನಿಯಿಂದ ಓದುವವನು, ನನ್ನ ನೋಟ್ಸ್ ಎಲ್ಲಾ ಕೈಬರಹದಲ್ಲಿದೆ. ಅದರಲ್ಲಿ ಸಮೀಕರಣಗಳೂ ಇವೆ. ಅವುಗಳನ್ನು ಹೇಗೆ ಟೈಪ್ ಮಾಡಿದರೆ ನಿಮ್ಮ ತಂತ್ರಾಂಶ ಓದುತ್ತದೆ?

ಧ್ವನಿಯಿಂದ ಓದುವವನು

ಸರ್, ವರ್ಡ್‌ನಲ್ಲಿ ಸಮೀಕರಣಕ್ಕೆ ಅಂತಲೇ ಇರುವ ಸೌಲಭ್ಯದಲ್ಲಿ ಟೈಪ್ ಮಾಡಿ, ಚಿತ್ರವಾಗಿ ಅಂಟಿಸಬೇಡಿ. ಎನ್‌ವಿಡಿಎ ಜೊತೆ ಮ್ಯಾತ್‌ಕ್ಯಾಟ್ ಅನ್ನುವ ಇನ್ನೊಂದು ಉಚಿತ ತಂತ್ರಾಂಶ ಹಾಕಿಕೊಂಡರೆ ಅದನ್ನು ಓದಿ ಹೇಳುತ್ತದೆ. ಒಂದು ಪುಟ ಮಾಡಿ ಕಳಿಸಿ. ನಾನು ಓದಿಸಿ ನೋಡಿ, ಎಲ್ಲಿ ತಪ್ಪುತ್ತದೆ ಅಂತ ಹೇಳುತ್ತೇನೆ.

ಸಂಜೆ ಬಸ್ಸು

ಮೇಷ್ಟ್ರೇ, ನಿಮ್ಮ ಕಾಲೇಜಿನಲ್ಲಿ ಆ ಊಟ ಮಧ್ಯಾಹ್ನವೇ ಇಡಿ. ದಿನಾ ಬಂದು ಹೋಗುವವರು ನಿಮ್ಮಲ್ಲೂ ಇರುತ್ತಾರೆ.